ಬೇಡ ಎಂದವರ ಸೀಟು

ಸೀಟು ಹಿಂದಕ್ಕೆ ಹೋಗಿ ಮಲಗಿಬಿಟ್ಟಿತ್ತು. ಈಗ ಏನು ಮಾಡಿದರೂ ಮೇಲೇಳಲೊಲ್ಲದು. ತೋಳಿನ ಪಕ್ಕ ಸಾಲಾಗಿದ್ದ ಗುಂಡಿಗಳಲ್ಲಿ ಯಾವುದನ್ನು ಒತ್ತಿದರೂ ಕಾಲಿನ ಕಡೆಯ ಹಲಗೆ ಮಾತ್ರ ಇನ್ನಷ್ಟು ಮೇಲಕ್ಕೆ ಬಂದು, ವಿಶ್ವಾರಾಧ್ಯನ ಹೊಸ ಬೂಟುಗಳನ್ನು ಅವನ ಕಣ್ಣಿಗೇ ಎತ್ತಿ ತೋರಿಸುತ್ತಿತ್ತು. ಟೈ ಕಟ್ಟಿಕೊಂಡೇ, ಕೋಟು ಹಾಕಿಕೊಂಡೇ, ಆಪರೇಷನ್ನಿಗೆ ಹೊರಟ ರೋಗಿಯ ಹಾಗೆ ಅವನು ಅಂಗಾತ ಬಿದ್ದಿದ್ದ. ಥೂ, ಇದೆಂಥ ಸುಖ! ಪಕ್ಕದ ಸೀಟಿನ ಬಿಳಿಯನೊಬ್ಬ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಬಾಯಿ ತೆರೆದು, ಸ್ವಂತ ಮನೆಯ ಮಂಚದ ಮೇಲಿದ್ದಂತೆ ನಿದ್ದೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ, ಸ್ವಾಮಿ, ಇದನ್ನು ನೆಟ್ಟಗೆ ಮಾಡುವುದು ಹೇಗೆ ಎಂದು ಕೇಳುವುದುಂಟೇ? ಗಗನಸಖಿಯನ್ನು ಕರೆಯೋಣವೆಂದರೆ ಆಗಲೇ ಒಂದು ಸಲ ಮಾನ ಹೋಗಿತ್ತು. ದೀಪದ ಗುಂಡಿಯೆಂದು ಒತ್ತಿದ್ದು ಕರೆಗಂಟೆಯಾಗಿ, ಅವಳು ಓಡಿಬಂದು ಬಗ್ಗಿ ನಿಂತು ಏನು ಬೇಕೆಂದು ಕೇಳಿದಾಗ, ಬಾಯಿಗೆ ಏನೂ ಬರದೆ, ‘ನಥಿಂಗ್, ನಥಿಂಗ್’ ಅಂದಿದ್ದ. ಅವಳು ಅದನ್ನು ನಂಬಿ ಹೊರಟುಹೋದಳು. ಇಲ್ಲಿ ಹೇಳಿದ್ದನ್ನೆಲ್ಲ ನಂಬಿಬಿಡುತ್ತಾರೆ, ಅದೇ ದೊಡ್ಡ ಕಷ್ಟ.

ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ವಿಮಾನ ಬೊಂಬಾಯಿ ಬಿಟ್ಟು ಸಮುದ್ರದ ಮೇಲೆ ಬಂದ ಸ್ವಲ್ಪ ಹೊತ್ತಿಗೆಲ್ಲ ಅವಳೇ ಬಿಳಿ ಬಟ್ಟೆ ಹಾಸಿದ ಗಾಡಿ ತಳ್ಳಿಕೊಂಡು ಬಂದು, ಊಟ ಮಾಡುತ್ತೀರಾ ಸರ್ ಎಂದು ಕೇಳಿದ್ದಳು. ಸಸ್ಯಾಹಾರವೂ ಇದೆ ಎಂದು ತಾನಾಗಿಯೇ ಹೇಳಿದ್ದಳು, ಪಾಪ. ವಿಶ್ವಾರಾಧ್ಯ ‘ನೋ ನೋ, ಥ್ಯಾಂಕ್ಯೂ’ ಅಂದ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ಆದರೂ ಅಂದ. ಯಾರಾದರೂ ಊಟಕ್ಕೆ ಏಳಿ ಅಂದರೆ ಮೊದಲು ಬೇಡ ಅನ್ನಬೇಕು, ಅಷ್ಟೇ. ತಮ್ಮ ಬಡಾವಣೆ ವಿನೋಬನಗರದಲ್ಲಿ ಯಾರ ಮನೆಗೆ ಹೋದರೂ ಕಾಫಿ ಬೇಡ, ಈಗ ತಾನೇ ಕುಡಿದು ಬಂದೆ ಅನ್ನಬೇಕು. ಎರಡನೆಯ ಸಲ ಕೇಳಿದಾಗ, ಅಯ್ಯೋ ಸುಮ್ಮನೆ ಯಾಕೆ ತೊಂದರೆ ತಗೊಳ್ತೀರಿ ಅನ್ನಬೇಕು. ಮೂರನೆಯ ಸಲಕ್ಕೆ, ಹೋಗಲಿ, ಅರ್ಧ ಲೋಟ ಕೊಡಿ ಅಂದು ತುಂಬಿದ ಲೋಟ ಕುಡಿದು ಏಳಬೇಕು. ಮೊದಲನೆಯ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರನೆಯ ಸಲ ಕೇಳದವರು ಜುಗ್ಗರು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಈ ಹುಡುಗಿ ಮಾತ್ರ ಒಂದೇ ಸಲ ಕೇಳಿ, ಚೆಂದಾಗಿ ನಕ್ಕು, ಗಾಡಿಯನ್ನು ಬಿಳಿಯನ ಮುಂದೆ ನಿಲ್ಲಿಸಿದಳು. ಅವನು ಮೊದಲ ಮಾತಿಗೇ ಹೂಂ ಅಂದು, ಎಲ್ಲವನ್ನೂ ಸಾವಕಾಶವಾಗಿ ತಿಂದು, ಇನ್ನೊಂದು ಬ್ರೆಡ್ಡನ್ನು ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡ. ವಿಶ್ವಾರಾಧ್ಯ ಬೆಣ್ಣೆಯ ವಾಸನೆ ಕುಡಿಯುತ್ತ, ಕಿಟಕಿಯಾಚೆಯ ಕತ್ತಲೆಯಲ್ಲಿ ಏನೋ ಇದೆಯೆಂಬಂತೆ ನೋಡುತ್ತಿದ್ದ.

ಹಾಗಾದರೆ ಬೊಂಬಾಯಿಯ ಕೌಂಟರಿನಲ್ಲಿ ಮಾತ್ರ ಬಾಯಿಗೆ ಅದೇನು ಬಡಿದಿತ್ತು? ಹಿಂದಿನ ಸೀಟುಗಳೆಲ್ಲ ತುಂಬಿಹೋಗಿವೆ, ನಿಮ್ಮಿಬ್ಬರಲ್ಲಿ ಒಬ್ಬರಿಗೆ ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಜಾಗ ಕೊಡುತ್ತೇವೆ ಎಂದು ಕೌಂಟರಿನ ಹೆಂಗಸು ಹೇಳಿದಳು. ಹೇಳಿದ್ದು ಜೊತೆಗೆ ಹೊರಟಿದ್ದ ಭಾವನಿಗೆ. ನರೆತ ಕೂದಲು, ಹಣೆಯ ಮೇಲೆ ವಿಭೂತಿ, ಹಿರಿಯರೆಂದು ಯಾರಿಗಾದರೂ ಗೊತ್ತಾಗುತ್ತದೆ. ಭಾವ ಬಲಗೈಯನ್ನು ಎದೆಯ ಮೇಲಿಟ್ಟು, ಕತ್ತು ಒಂದು ಕಡೆ ವಾಲಿಸಿ, ‘ನೋ ನೋ, ಐ ಯಾಮ್ ಆಲ್‌ರೈಟ್’ ಅಂದರು. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಸಾಕು ಸಾಕು ಎನ್ನುತ್ತ ಎಲೆಯನ್ನು ಒಂಚೂರು ಮುಂದಕ್ಕೆ ಸರಿಸುವವರ ನಗೆ ಅದು. ಆ ನಗೆಯ ಅರ್ಥ ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಅವಳು ಸೀದಾ ವಿಶ್ವಾರಾಧ್ಯನ ಕಡೆ ತಿರುಗಿ, ‘ದೆನ್ ಯು, ಸರ್?’ ಅಂದಳು. ಅವನು ‘ಓಕೆ’ ಅಂದುಬಿಟ್ಟ. ನಲವತ್ತು ದಾಟಿದ ಜೀವಮಾನದಲ್ಲಿ ಒಂದೇ ಒಂದು ಸಲ ಮೊದಲ ಮಾತಿಗೆ ಹೂಂ ಅಂದದ್ದು, ಅದೂ ಭಾವನ ಮುಂದೆ. ಭಾವನ ನಗೆ ಒಂದು ಗಳಿಗೆ ಹಾಗೇ ನಿಂತಿತ್ತು, ಏನು ಮಾಡಬೇಕೆಂದು ಅದಕ್ಕೇ ತಿಳಿಯದೆ. ಆಮೇಲೆ ಅವನ ಬೆನ್ನು ತಟ್ಟಿ, “ಹೋಗು ಮಾರಾಯ, ಆರಾಮಾಗಿ ಮಲ್ಕೊಂಡು ಬಾ. ನೀನಿನ್ನೂ ಹುಡುಗ” ಅಂದರು. ಆಗಲಾದರೂ, ಇಲ್ಲ ಭಾವ, ನೀವೇ ಹೋಗಿ ಎಂದು ಒತ್ತಾಯ ಮಾಡಬಹುದಿತ್ತು. ಹಿಂದಿನಿಂದ ಯಾರೋ ತಳ್ಳುಗಾಡಿ ನೂಕಿದರು; ಆ ನೆಪದಲ್ಲಿ ಅವನು ಚೀಟಿ ತೆಗೆದುಕೊಂಡು ಪಕ್ಕಕ್ಕೆ ಸರಿದ.

ಭಾವ ಎಂದರೆ ಮುರುಗೇಶಪ್ಪ, ಅಕ್ಕ ಮಹಾಂತಮ್ಮನ ಗಂಡ. ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ ಹಸಿ ಹಾಳೆ ಒಣಗಿಸುವ ವಿಭಾಗಕ್ಕೆ ಹಿರಿಯರು. ಜರ್ಮನಿಯಿಂದ ತರಿಸಬೇಕಾದ ದೊಡ್ಡ ಉರುಳೆಗಳನ್ನು ಕಣ್ಣಾರೆ ನೋಡಿ ಒಪ್ಪಿ ಬರಲು ಮಿಲ್ಲಿನವರು ಇವರಿಬ್ಬರನ್ನು ಕಳಿಸಿದ್ದರು. ವಾಪಸು ಹೋದ ಮೇಲೆ ಭಾವನಿಗೆ ನಿವೃತ್ತಿ. ಮೊದಲನೆಯದೂ ಕೊನೆಯದೂ ಆದ ವಿದೇಶ ಪ್ರಯಾಣವೆಂದು ಕ್ಲಬ್ಬಿನಲ್ಲಿ ಹಾರ ಹಾಕಿ, ಕಾಗದನಗರದ ಅರ್ಧ ಕ್ವಾರ್ಟರ್ಸು ಮನೆಗೆ ಬಂದು ಕೈಕುಲುಕಿ ಹೋಗಿತ್ತು. ವಿಶ್ವಾರಾಧ್ಯ ಯಾಕೆ ಹೊರಟ? ಭಾವ ಹೇಳಿದ್ದರಿಂದ ಹೊರಟ. ಕೆಲಸ ಕೊಡಿಸಿದವರು ಭಾವ. ಜಯಶೀಲಾಳ ಜಾತಕ ತಂದವರು ಭಾವ. ವಿನೋಬನಗರದ ಸೈಟಿಗೆ ಓಡಾಡಿದವರು ಭಾವ. ಇಷ್ಟು ವರ್ಷ ದುಡಿದರೂ ಮಿಲ್ಲಿನ ಗೇಟಿನವನಿಗೆ ಅವನಿನ್ನೂ ಮುರುಗೇಶಪ್ಪನವರ ಬಾಮೈದನೇ. ಒಂದು ಸಲ ಮಗಳು ಸ್ಫೂರ್ತಿ ಸ್ಕೂಲಿನಿಂದ ಬಂದು, ಅಪ್ಪಾ, ಬಾಮೈದ ಅನ್ನೋದು ನಿನ್ನ ಪೋಸ್ಟಾ ಎಂದು ಕೇಳಿದ್ದಳು. ಜಯಶೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಆ ನಗು ಎಲ್ಲೋ ಗಂಟಲಿನಲ್ಲಿ ಸಿಕ್ಕಿಕೊಂಡು ಇವತ್ತಿನವರೆಗೆ ಇಳಿದಿರಲಿಲ್ಲ. ಅದಕ್ಕೇ ಬಾಯಿ ಜಾರಿತೋ ಏನೋ. ಭಾವ ಕೊಡಿಸದೇ ಇದ್ದದ್ದೊಂದು ಸಿಕ್ಕಿತಲ್ಲ ಅಂತ! ಇಷ್ಟಕ್ಕೂ ಸಿಕ್ಕಿದ್ದಾದರೂ ಏನು? ಭಾವ ಬೇಡ ಅಂದ ಮೇಲೆ ಉಳಿದದ್ದು. ಇದೂ ಅವರ ಎಲೆಯಿಂದಲೇ ಬಂದ ಹೋಳಿಗೆ. ಹಲ್ಲು ಕಚ್ಚಿ ಇನ್ನೊಂದು ಗುಂಡಿ ಒತ್ತಿದ. ಕಾಲಿನ ಹಲಗೆ ಕಿರ್ರೆಂದಿತು.

ಕಾಲೇಜು ಸೇರಿದ ವರ್ಷ ಅಕ್ಕನ ಮನೆಯಲ್ಲೇ ಇರಲು ಬಂದವನು. ಎರಡು ರೂಮಿನ ಕ್ವಾರ್ಟರ್ಸು, ಹಿತ್ತಲಲ್ಲಿ ಕರಿಬೇವಿನ ಗಿಡ, ಗಾಳಿ ತಿರುಗಿದರೆ ಮಿಲ್ಲಿನ ಕೊಳೆತ ಬಿದಿರಿನ ನಾತ. ಅಕ್ಕನ ಮನೆಯಾದರೂ ಪರರ ಮನೆಯೇ. ಎರಡನೆಯ ಸಲ ಅನ್ನ ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಭಾವ ಆ ಕೈಯ ಮೇಲೇ ಬಡಿಸುತ್ತಿದ್ದರು. ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. ಒಂದು ದಿನ ಬಿಸಿ ಸಾರು ಹುಯ್ದು ಕೈ ಸುಟ್ಟೇಹೋಯಿತು; ಅಕ್ಕ, “ಅದೆಂಥಾ ಬಡಿಸೋದು ರೀ, ಬೇಡ ಅಂತಿದ್ದಾನಲ್ಲ” ಎಂದು ರೇಗಿದಳು. “ಬೇಡ ಅನ್ನೋದು ಅವನ ಬಾಯಿ ಕಣೇ. ಅವನ ಹೊಟ್ಟೆ ನನಗೆ ಕಾಣುತ್ತೆ” ಎಂದರು ಭಾವ, ಇನ್ನೊಂದು ಸೌಟು ಹಾಕುತ್ತ. ಆ ಎರಡು ವರ್ಷ ಅವನು ಒಂದು ಹೊತ್ತೂ ಹಸಿದು ಮಲಗಲಿಲ್ಲ. ಆಗ ಅದು ಪ್ರೀತಿಯೆಂದು ತಿಳಿದಿತ್ತು. ಯಾವಾಗಿನಿಂದ ಅದು ಸಾಲದ ಹಾಗೆ ಕುತ್ತಿಗೆಗೆ ಬಿತ್ತು ಅನ್ನುವುದು ಮಾತ್ರ ತಿಳಿಯಲಿಲ್ಲ.

ಭಾವ ಹಿಂದೆ ಹೇಗೆ ಕೂತಿದ್ದಾರೋ. ಈ ಯೋಚನೆ ಆಗಿನಿಂದ ಬರುತ್ತಲೇ ಇತ್ತು, ಅವನು ಅದನ್ನು ಪಕ್ಕಕ್ಕೆ ತಳ್ಳುತ್ತಲೇ ಇದ್ದ. ಭಾವನ ಬಲ ಮಂಡಿ ಮಡಚಿ ಇಡುವಂಥದ್ದಲ್ಲ. ನವುಲೆಯ ಕೃಷಿ ಕಾಲೇಜಿಗೆ ಸಂದರ್ಶನಕ್ಕೆಂದು ವಿಶ್ವಾರಾಧ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಎಮ್ಮೆಯೊಂದು ಅಡ್ಡ ಬಂದು ಇಬ್ಬರೂ ಬಿದ್ದಿದ್ದರು. ಅವನಿಗೆ ಮೊಣಕೈ ತರಚಿತು. ಭಾವನ ಮಂಡಿಚಿಪ್ಪು ಒಡೆಯಿತು. ರಸ್ತೆಯ ಧೂಳಿನಲ್ಲಿ ಕೂತುಕೊಂಡೇ, “ನಂದೇನೂ ಇಲ್ಲ ಮಾರಾಯ, ನೀನು ಓಡು, ಹೊತ್ತಾಗುತ್ತೆ” ಅಂದಿದ್ದರು. ಅವನು ಓಡಿಯೂಬಿಟ್ಟಿದ್ದ! ಸೀಟು ಸಿಗಲಿಲ್ಲ, ಅದು ಬೇರೆ ಮಾತು. ಈಗಲೂ ಸಿನಿಮಾಕ್ಕೆ ಹೋದರೆ ಭಾವನಿಗೆ ಓಣಿಯ ಪಕ್ಕದ ಕುರ್ಚಿಯೇ ಆಗಬೇಕು, ಕಾಲು ಚಾಚಲು. ವಿಶ್ವಾರಾಧ್ಯ ಹೊದಿಕೆ ಒದ್ದು, ಏಳಲಾರದ ಸೀಟಿನಿಂದ ಪಕ್ಕಕ್ಕೆ ಜಾರಿ, ಮೊಣಕಾಲೂರಿ ಕೆಳಗಿಳಿದ. ಯಾರೂ ನೋಡಲಿಲ್ಲ. ಹೋಗಿ ಸೀಟು ಬಿಟ್ಟುಕೊಟ್ಟುಬಿಡುತ್ತೇನೆ, ಹಾಳಾಗಿ ಹೋಗಲಿ ಎಂದುಕೊಂಡು ಪರದೆ ಸರಿಸಿದ.

ಪರದೆಯ ಆಚೆ ಬೇರೆ ಊರೇ ಇತ್ತು. ಬೆವರು, ಮಗುವಿನ ಅಳು, ಸಾಲುಸಾಲಾಗಿ ಬಾಗಿದ ತಲೆಗಳು. ಭಾವ ನಡುವಿನ ಸಾಲಿನ ನಡುವಿನ ಸೀಟಿನಲ್ಲಿದ್ದರು. ಈ ಕಡೆಯ ದಪ್ಪ ಆಸಾಮಿ ಅವರ ಭುಜವನ್ನೇ ದಿಂಬು ಮಾಡಿಕೊಂಡಿದ್ದ. ಮುಂದಿನ ಸೀಟು ಹಿಂದಕ್ಕೆ ವಾಲಿ ಅವರ ಮಂಡಿಗೆ ಒತ್ತಿಕೊಂಡಿತ್ತು. ತೊಡೆಯ ಮೇಲೆ ಅಕ್ಕ ಕಟ್ಟಿಕೊಟ್ಟ ಬಟ್ಟೆಯ ಚೀಲ. ಅವರಿಗೆ ನಿದ್ದೆ ಬಂದಿರಲಿಲ್ಲ. ಅವನನ್ನು ಕಂಡದ್ದೇ ಮುಖ ಅರಳಿಸಿದರು.

“ಏನೋ, ನಿದ್ದೆ ಬರ್ಲಿಲ್ವಾ?”

“ಭಾವ, ನೀವು ಮುಂದೆ ಹೋಗಿ. ನಾನಿಲ್ಲಿ ಕೂರ್ತೀನಿ.”

“ಬೇಡ ಬೇಡ. ಇಲ್ಲೇನಾಗಿದೆ? ಚೆನ್ನಾಗಿದೀನಿ ನಾನು.” ಕೈ ಆಗಲೇ ಎದೆಯ ಮೇಲೆ ಹೋಗಿತ್ತು, ಕತ್ತು ಆಗಲೇ ವಾಲಿತ್ತು. “ನಿಂದು ಊಟ ಆಯ್ತಾ?”

“ಆಯ್ತು ಭಾವ.”

ಭಾವ ಅವನ ಮುಖವನ್ನೊಮ್ಮೆ ನೋಡಿದರು. “ಎಲ್ಲಾಯ್ತು? ಮುಖ ನೋಡಿದ್ರೆ ಗೊತ್ತಾಗಲ್ವಾ? ಅಲ್ಲೂ ಬೇಡ ಅಂದು ಕೂತ್ಯಾ?” ಎನ್ನುತ್ತ ಚೀಲಕ್ಕೆ ಕೈ ಹಾಕಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಅವನು ಬೇಡ ಅನ್ನುವಷ್ಟರಲ್ಲಿ ಮಲಗಿದ್ದವನ ತಲೆಯ ಮೇಲಿನಿಂದ ರೊಟ್ಟಿ ದಾಟಿ ಬಂದು ಕೈಯಲ್ಲಿ ಕೂತಿತ್ತು. ಓಣಿಯಲ್ಲಿ ನಿಂತುಕೊಂಡು, ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ತಿನ್ನುವ ಹಾಗೆ ಕಟುಂಕಟುಂ ತಿಂದ. ಕೋಟಿನ ಮೇಲೆಲ್ಲ ಪುಡಿ. ತಿನ್ನುತ್ತಿದ್ದಂತೆ ಸಿಟ್ಟು ಬಂತು. ಕೊಡಲು ಬಂದವನು ತಾನು. ಇಲ್ಲಿಯೂ ಇಸಿದುಕೊಂಡು ನಿಂತಿದ್ದೇನಲ್ಲ!

“ಭಾವ, ಮಂಡಿ ನೋಯುತ್ತೆ ನಿಮಗೆ. ಅಲ್ಲಾದ್ರೆ ಪೂರ್ತಿ ಕಾಲು ಚಾಚಬಹುದು. ಏಳಿ,” ಅಂದ, ಸ್ವಲ್ಪ ಗಡುಸಾಗಿಯೇ.

“ಬಿಡೋ ಮಾರಾಯ. ಅವರು ನಿನಗೆ ಕೊಟ್ಟಿದ್ದು. ಇನ್ನೊಬ್ಬರ ಸೀಟು ನನಗ್ಯಾಕೆ?” ಎಂದರು ಭಾವ. ನಗುತ್ತಲೇ ಅಂದರು. ಆದರೆ ಹೇಳಿ ಮುಗಿದ ಮೇಲೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಕೈಗೆ ತೆಗೆದುಕೊಂಡರು. ಕಾಲ ಬುಡದಲ್ಲಿದ್ದ ಚಪ್ಪಲಿಗೆ ಪಾದ ತಡಕಾಡಿತು.

ಎರಡು ಸಲವಾಗಿತ್ತು. ಮೂರನೆಯ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಆಡಿದ್ದರೆ ಭಾವ ಏಳುತ್ತಿದ್ದರು. ಸರಿ, ನಿನ್ನ ಬಲವಂತಕ್ಕೆ, ಒಂದು ಗಳಿಗೆ ಅಂತ ಗೊಣಗುತ್ತ ಎದ್ದುಬಿಡುತ್ತಿದ್ದರು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆಡಲಿಲ್ಲ. “ಸರಿ ಹಾಗಾದ್ರೆ, ನಿಮ್ಮಿಷ್ಟ,” ಅಂದುಬಿಟ್ಟ. ಅಂದ ಮೇಲೆ ತನ್ನ ಧ್ವನಿ ಆ ಕೌಂಟರಿನ ಹೆಂಗಸಿನ ಧ್ವನಿಯಷ್ಟೇ ಸಭ್ಯವಾಗಿ ಕೇಳಿಸಿತು. ಭಾವ ಚೀಲವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, “ಹ್ಞಾ, ಹೋಗು, ಮಲಕ್ಕೋ” ಎಂದರು.

ವಾಪಸು ಬಂದರೆ ಅವನ ಸೀಟು ನೆಟ್ಟಗೆ ಕೂತಿತ್ತು. ಯಾರೋ ಸರಿ ಮಾಡಿ, ಹೊದಿಕೆ ಮಡಚಿ, ಚಿಕ್ಕದೊಂದು ಚೀಲದಲ್ಲಿ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು ಇಟ್ಟುಹೋಗಿದ್ದರು. ಇಷ್ಟು ಹೊತ್ತು ಮಲಗಿದ್ದ ಸೀಟು ಈಗ ಮಲಗಲೊಲ್ಲದು. ಅವನು ಕುಳಿತೇ ಕಣ್ಣು ಮುಚ್ಚಿದ. ತಾನೇನು ಕೇಳಲಿಲ್ಲವೇ? ಎರಡು ಸಲ ಕೇಳಿದೆ. ದೊಡ್ಡವರು, ಬೇಕಾದರೆ ಬೇಕು ಅನ್ನಬೇಕಪ್ಪ! ಮನಸ್ಸಿನಲ್ಲಿರುವುದನ್ನು ಎಲ್ಲರೂ ಅಗೆದು ತೆಗೆಯಬೇಕೆಂದರೆ ಹೇಗೆ? ಇದನ್ನೇ ಜಯಶೀಲಾಳಿಗೆ ಹೇಳಿದರೆ ಒಪ್ಪುತ್ತಾಳೆ. ಅಕ್ಕನಿಗೆ ಹೇಳಲು ಮಾತ್ರ ಬಾಯಿ ಬರುವುದಿಲ್ಲ. ಅಕ್ಕ ಏನೂ ಬಯ್ಯುವುದಿಲ್ಲ. ಅವರ ಕಾಲು ಹೇಗಿತ್ತೋ ಎಂದು ಕೇಳುತ್ತಾಳೆ, ಅಷ್ಟೇ. ರಸ್ತೆಯ ಧೂಳಿನಲ್ಲಿ ಕೂತು, ನಂದೇನೂ ಇಲ್ಲ, ಓಡು ಎಂದವರ ಮುಖ ಕಣ್ಣೊಳಗೆ ಬಂತು. ಅವತ್ತೂ ನಂಬಿದ್ದ. ತನಗೆ ಅನುಕೂಲವಾದಾಗಲೆಲ್ಲ ನಂಬಿದ್ದ. ಪಕ್ಕದ ಬಿಳಿಯವನು ಗೊರಕೆ ಹೊಡೆಯುತ್ತಿದ್ದ. ಅವನ ಮೂಗು ಹಿಡಿದು ಅಲ್ಲಾಡಿಸಬೇಕೆನ್ನುವಷ್ಟು ಕೋಪ ಬಂತು.

ಕಿಟಕಿಯ ಅಂಚು ಬೆಳ್ಳಗಾಗುವ ಹೊತ್ತಿಗೆ ಅವನು ತಡೆಯಲಾರದೆ ಎದ್ದ. ಈ ಸಲ ಕೇಳುವುದಿಲ್ಲ, ರಟ್ಟೆ ಹಿಡಿದು ಎಬ್ಬಿಸಿಕೊಂಡು ಬರುತ್ತೇನೆ ಎಂದು ಪರದೆ ಸರಿಸಿದರೆ, ಭಾವ ಸೀಟಿನಲ್ಲಿರಲಿಲ್ಲ. ಹಿಂದಕ್ಕೆ ಹೋದ. ಶೌಚಾಲಯದ ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ ಭಾವ ಗೋಡೆಗೆ ಹಣೆಯೂರಿ ನಿಂತಿದ್ದರು. ಬಲಗಾಲನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಇಟ್ಟು, ಎರಡೂ ಕೈಯಿಂದ ಮಂಡಿ ತಿಕ್ಕುತ್ತಿದ್ದರು. ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಯಾರನ್ನು ಕೇಳುವುದು! ಹೆಜ್ಜೆ ಸದ್ದಿಗೆ ತಿರುಗಿ, ತಟಕ್ಕನೆ ನೆಟ್ಟಗಾಗಿ, “ಓ, ಎದ್ಯಾ? ನಿದ್ದೆ ಚೆನ್ನಾಗಾಯ್ತಾ?” ಎಂದರು.

“ಭಾವ, ಬನ್ನಿ,” ಎಂದು ಅವನು ಕೈ ಚಾಚಿದ.

ಅಷ್ಟರಲ್ಲಿ ಮೇಲಿನ ದೀಪಗಳು ಹತ್ತಿ, ವಿಮಾನ ಇನ್ನು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಎಲ್ಲರೂ ತಮ್ಮತಮ್ಮ ಸೀಟಿಗೆ ಹೋಗಿ ಬೆಲ್ಟು ಕಟ್ಟಿಕೊಳ್ಳಿ ಎಂದು ಧ್ವನಿ ಬಂತು. ಗಗನಸಖಿಯೊಬ್ಬಳು ಇಬ್ಬರನ್ನೂ ನಯವಾಗಿ ಎರಡು ಕಡೆಗೆ ಕಳಿಸಿಬಿಟ್ಟಳು. ಅವನು ಮುಂದಕ್ಕೆ ಹೋಗಿ ಕೂತ. ಯಾರೋ ಬಿಸಿ ಕಾಫಿ ತಂದು ಕೇಳಿದರು, ಬೇಡ ಅಂದ. ಕೊಂಡುಹೋದರು.

ವಿಮಾನದ ಬಾಗಿಲಾಚೆ ಉದ್ದದ ಓಣಿ. ಮುಂದಿನವರನ್ನು ಮೊದಲು ಇಳಿಸಿದ್ದರಿಂದ ವಿಶ್ವಾರಾಧ್ಯ ಗೋಡೆಗೊರಗಿ ಕಾಯುತ್ತಿದ್ದ. ಮುಕ್ಕಾಲು ಗುಂಪು ಹೋದ ಮೇಲೆ ಕೊನೆಗೆ ಭಾವ ಬಂದರು, ಗೋಡೆ ಹಿಡಿದುಕೊಂಡು. ಬಾಗಿಲ ಬಳಿ ಖಾಲಿ ಗಾಲಿಕುರ್ಚಿ ಹಿಡಿದು ನಿಂತಿದ್ದ ಎತ್ತರದ ಹುಡುಗನೊಬ್ಬ ಅವರ ನಡಿಗೆ ನೋಡಿ, ಕುರ್ಚಿಯನ್ನು ಮುಂದಕ್ಕೆ ತಂದು, ಕೂರುತ್ತೀರಾ ಸರ್ ಎಂದ. ಭಾವನ ಬಲಗೈ ಎದೆಯ ಮೇಲೆ ಹೋಯಿತು. ಕತ್ತು ವಾಲಿತು. ಅದೇ ನಗೆ. “ನೋ ನೋ, ಐ ಯಾಮ್ ಆಲ್‌ರೈಟ್.” ಹುಡುಗ ತಲೆಯಾಡಿಸಿ ಕುರ್ಚಿ ತಿರುಗಿಸಿಕೊಂಡು ಹೊರಟ. ಗಾಲಿಗಳು ಉರುಳುವ ಸದ್ದು ಕೇಳಿದ್ದೇ ವಿಶ್ವಾರಾಧ್ಯನಿಗೆ ಏನಾಯಿತೋ, ಬ್ಯಾಗು ಅಲ್ಲೇ ಎಸೆದು ಹಿಂದೆ ಓಡಿದ. “ಹಲೋ! ನೋ! ಹಿ ವಾಂಟ್ಸ್! ಹಿ ವಾಂಟ್ಸ್ ಇಟ್!” ಎಂದು ಕೂಗಿದ. ಉದ್ದಕ್ಕೂ ನಡೆಯುತ್ತಿದ್ದ ಜನ ತಿರುಗಿ ನೋಡಿದರು. ದೂರದಲ್ಲಿ ನಿಂತು ಯಾರಿಗೋ ಕಾಯುತ್ತಿದ್ದ ಪಕ್ಕದ ಸೀಟಿನ ಬಿಳಿಯನೂ ನೋಡಿದ. ವಿಶ್ವಾರಾಧ್ಯ ಕುರ್ಚಿಯನ್ನು ಹುಡುಗನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು ಬಂದು ಭಾವನ ಮುಂದೆ ನಿಲ್ಲಿಸಿದ. “ಕೂತ್ಕೊಳಿ. ನಿಮಗೆ ಬೇಕು. ಸುಮ್ನೆ ಕೂತ್ಕೊಳಿ.” ಏದುಸಿರು ಬರುತ್ತಿತ್ತು.

ಭಾವನ ಮುಖ ಬಿಳುಪೇರಿತು. ಅಷ್ಟು ಜನರ ಮುಂದೆ ಯಾರೋ ಪಂಚೆ ಎಳೆದಂತೆ ಒಂದು ಗಳಿಗೆ ನಿಂತರು. ಆಮೇಲೆ ಕುರ್ಚಿಯ ತೋಳು ಹಿಡಿದು ಕೂತು, ಬಲಗಾಲನ್ನು ಕೈಯಿಂದಲೇ ಎತ್ತಿ ಮುಂದೆ ಚಾಚಿದರು. ಹುಡುಗ ತಳ್ಳಿದ. ವಿಶ್ವಾರಾಧ್ಯ ಬ್ಯಾಗು ಎತ್ತಿಕೊಂಡು ಪಕ್ಕದಲ್ಲಿ ನಡೆದ. ಗಾಜಿನಾಚೆ ಮಂಕು ಬೆಳಕು, ಒದ್ದೆಯ ಸಿಮೆಂಟು ನೆಲ. ಓಣಿ ಮುಗಿಯುವ ತನಕ ಭಾವ ಮುಂದಕ್ಕೇ ನೋಡುತ್ತಿದ್ದರು.

“ಇಷ್ಟು ದೊಡ್ಡ ಬಾಯಿ ಇತ್ತಲ್ಲ ನಿನಗೆ,” ಎಂದರು ಕೊನೆಗೆ, ಅವನ ಕಡೆ ತಿರುಗದೆ. “ಬೊಂಬಾಯಲ್ಲಿ ಎಲ್ಲಿಟ್ಟಿದ್ದೆ?”

ಕುರ್ಚಿ ಒಂದು ತಿರುವಿನಲ್ಲಿ ನಿಂತಿತು. ಹುಡುಗ ಲಿಫ್ಟಿನ ಗುಂಡಿ ಒತ್ತಿ ಕಾಯತೊಡಗಿದ. ಭಾವ ತೊಡೆಯ ಮೇಲಿನ ಬಟ್ಟೆಯ ಚೀಲ ಬಿಚ್ಚಿ ಒಳಗೆ ನೋಡಿದರು.

“ಇನ್ನೊಂದು ರೊಟ್ಟಿ ಇದೆ. ಬೇಕಾ?”

ಇಷ್ಟು ವರ್ಷಗಳಲ್ಲಿ ಭಾವ ಅವನನ್ನು ಬೇಕಾ ಎಂದು ಕೇಳಿದ್ದು ಇದೇ ಮೊದಲು. ಹೊಟ್ಟೆ ಹಸಿವಿನಿಂದ ಸುಡುತ್ತಿತ್ತು. ಬೇಕು ಎನ್ನಲೆಂದೇ ವಿಶ್ವಾರಾಧ್ಯ ಬಾಯಿ ತೆರೆದ.

“ಬೇಡ ಭಾವ,” ಅಂದ.

“ಸರಿ” ಎಂದು ಭಾವ ಚೀಲದ ಬಾಯಿ ಕಟ್ಟಿದರು.